ನೋವಿಲ್ಲ ಅಂತ ಮಗಳು ಮುಚ್ಚಿಡುತ್ತಾಳೆ, ಏನು ಮಾಡಲಿ?

ಪ್ರಶ್ನೆ (ತಾಯಿ, ಇಳಕಲ್):
ನಮಸ್ಕಾರ ಮೇಡಂ. ಮಗಳಿಗೆ 8 ವರ್ಷ. ಮಕ್ಕಳಲ್ಲಿ ಬರುವ ಸಂಧಿವಾತ ಇದೆ, ವಾರಕ್ಕೊಂದು ಇಂಜೆಕ್ಷನ್. ಮೊದಲೆಲ್ಲ "ಅವ್ವಾ, ಮೊಣಕಾಲು ಬ್ಯಾನಿ" ಅಂತ ಅಳುತ್ತಿದ್ದಳು. ಈಗ ಕೇಳಿದರೆ "ಏನೂ ಇಲ್ಲ" ಅನ್ನುತ್ತಾಳೆ. ಆದರೆ ಬೆಳಿಗ್ಗೆ ಗೋಡೆ ಹಿಡಿದು ಬಚ್ಚಲಿಗೆ ಹೋಗುವುದನ್ನು ನಾನೇ ನೋಡಿದ್ದೇನೆ. ಮಧ್ಯಾಹ್ನ ಆಡುತ್ತಾಳೆ ಅಂತ ಅತ್ತೆಯವರು "ಸಾಲಿ ತಪ್ಪಸಾಕ ನಾಟಕ" ಅಂತಾರೆ. ನಾನು ಅಡುಗೆಮನೆಯಲ್ಲಿ ಅಳುತ್ತೇನೆ. ಒಮ್ಮೊಮ್ಮೆ ಅವಳ ಮೇಲೇ ರೇಗುತ್ತೇನೆ. ಆಮೇಲೆ ರಾತ್ರಿಯೆಲ್ಲ ನಿದ್ದೆ ಇಲ್ಲ. ಯಾಕೆ ಮುಚ್ಚಿಡುತ್ತಾಳೆ?

ಉತ್ತರ (ಮಕ್ಕಳ ಆಪ್ತಸಮಾಲೋಚಕಿ, ಬಾಗಲಕೋಟೆ):
ಅಕ್ಕಾ, ನಿಮ್ಮ ಅಳು ಅಡುಗೆಮನೆಯಲ್ಲೇ ಉಳಿಯುತ್ತಿಲ್ಲ, ಮಗಳಿಗೆ ಕೇಳುತ್ತಿರಬೇಕು. ಬಹಳ ದಿನ ನೋವು ತಿಂದ ಮಕ್ಕಳು ನನ್ನ ಹತ್ತಿರ ಹೇಳುವ ಮಾತು ಒಂದೇ: "ಹೇಳಿದ್ರ ಅವ್ವ ಅಳ್ತಾಳ." ಅವಳು ನಿಮ್ಮನ್ನು ಕಾಯುತ್ತಿದ್ದಾಳೆ. ಆ ವಯಸ್ಸಿಗೆ ಅದು ಜಾಸ್ತಿ ಭಾರ.

ಡಾಕ್ಟರ ಮುಂದೆಯೂ "ಇಲ್ಲ" ಅಂದರೆ, ಔಷಧ ಹಿಡಿದಿದೆ ಅಂತ ಅವರು ತಿಳಿಯಬಹುದು. ಗೋಡೆ ಹಿಡಿದು ನಡೆದದ್ದನ್ನು ನೀವೇ ಅವರಿಗೆ ಹೇಳಿ.

ದಿನಕ್ಕೆ ಹತ್ತು ಸಲ "ನೋವಾ?" ಅಂತ ಕೇಳಬೇಡಿ. ಬೆಳಿಗ್ಗೆ ಒಂದೇ ಸಲ ಕೇಳಿ. ಆಸ್ಪತ್ರೆಗಳಲ್ಲಿ 6 ಮುಖಗಳ ಚಿತ್ರ ಇರುತ್ತದೆ. ನಗುವ ಮುಖಕ್ಕೆ 0, ಅಳುವ ಮುಖಕ್ಕೆ 10. ಅವಳು ಬೆರಳಿಟ್ಟು ತೋರಿಸಿದರೆ ಸಾಕು, ಬಾಯಿಬಿಟ್ಟು ಹೇಳಬೇಕಿಲ್ಲ. ಆಗ "ಅಯ್ಯೋ" ಅನ್ನದೆ "ಇವತ್ತು 6 ಐತಲ್ಲ, ಬಾ, ಬಿಸಿನೀರು ಹಾಕೋಣ" ಅನ್ನಿ. ಕಣ್ಣೀರು ಬಂದರೆ ಬರಲಿ. "ನಾ ಅತ್ತರೂ ನೀ ಹೇಳಬೇಕು, ಅಳು ನಿನ್ನಿಂದ ಬಂದಿದ್ದಲ್ಲ" ಅಂತ ಹೇಳಿಬಿಡಿ. ರೇಗಿದ ದಿನ ತಪ್ಪಾಯ್ತು ಅಂತಲೂ ಹೇಳಿ.

ಇನ್ನು ಅತ್ತೆಯವರ ಮಾತು. ಈ ಕಾಯಿಲೆಯಲ್ಲಿ ಬೆಳಿಗ್ಗೆ ಕೀಲು ಬಿಗಿಯುತ್ತದೆ, ಓಡಾಡಿದಂತೆ ಸಡಿಲವಾಗುತ್ತದೆ. ಅದು ನಾಟಕವೇ ಅಲ್ಲ. ಮುಂದಿನ ಸಲ ಅವರನ್ನೂ ಆಸ್ಪತ್ರೆಗೆ ಕರೆದೊಯ್ಯಿರಿ, ಡಾಕ್ಟರ ಬಾಯಿಂದಲೇ ಕೇಳಲಿ.

ತಾಯಿ:
ಇಂಜೆಕ್ಷನ್ ಹಿಂದಿನ ರಾತ್ರಿಯೇ ಊಟ ಬಿಡುತ್ತಾಳೆ. "ನೋಯೋದಿಲ್ಲ" ಅಂತ ಪುಸಲಾಯಿಸುತ್ತೇವೆ.

ಉತ್ತರ:
ಅದೊಂದು ಸುಳ್ಳು ಬೇಡ. "ಚುಚ್ಚುತ್ತದೆ, ಹತ್ತು ಎಣಿಸೋದರೊಳಗೆ ಮುಗಿಯುತ್ತದೆ" ಅನ್ನಿ. ಮಲಗಿಸಿ ಒತ್ತಿ ಹಿಡಿಯಬೇಡಿ, ತೊಡೆ ಮೇಲೆ ಕೂರಿಸಿಕೊಳ್ಳಿ. ಸೋಪಿನ ಗುಳ್ಳೆ ಊದಲು ಕೊಡಿ. ಯಾವ ಕಾಲಿಗೆ ಅನ್ನುವುದನ್ನು ಅವಳೇ ಆರಿಸಲಿ. ಚರ್ಮ ಮರಗಟ್ಟಿಸುವ ಕ್ರೀಮ್ ಹಚ್ಚಬಹುದಾ ಅಂತ ಡಾಕ್ಟರನ್ನು ಕೇಳಿ. ಊಟ ಬಿಡುವುದನ್ನೂ ತಿಳಿಸಿ, ಕೆಲವು ಮಕ್ಕಳಿಗೆ ಆ ಔಷಧ ನೆನೆದರೇ ವಾಕರಿಕೆ ಬರುತ್ತದೆ.

ನಿಮ್ಮ ನಿದ್ದೆಗೂ ದಾರಿ ಬೇಕಲ್ವಾ? ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ದುಡ್ಡಿಲ್ಲ, ರಾತ್ರಿಯೂ ಇರುತ್ತಾರೆ, ಕನ್ನಡದಲ್ಲೇ ಮಾತಾಡುತ್ತಾರೆ.

ತಂದೆ (ಜಮಖಂಡಿ):
ಮಗನಿಗೆ ಸುಟ್ಟ ಗಾಯದ ಡ್ರೆಸ್ಸಿಂಗ್ ಮಾಡುವಾಗ ನಾನು ಬಾಗಿಲ ಹೊರಗೆ ನಿಂತಿದ್ದೆ. ಎರಡು ವರ್ಷ ಆಯ್ತು. ಈಗಲೂ ಕೇಳುತ್ತಾನೆ, "ಅಪ್ಪಾ, ನೀ ಯಾಕ ಒಳಗ ಬರಲಿಲ್ಲ?" ಸುಮ್ನೆ ಮಾತು ತಿರುಗಿಸುತ್ತೇನೆ.

ಉತ್ತರ:
ತಿರುಗಿಸಬೇಡಿ ಅಣ್ಣಾ. ಉತ್ತರ ಸಿಗದಿದ್ದರೆ, ತನ್ನದೇ ಏನೋ ತಪ್ಪಿರಬೇಕು ಅಂತ ಮಗು ಅಂದುಕೊಳ್ಳುತ್ತದೆ. "ನಿನ್ನ ನೋವು ನೋಡೋಕೆ ನನಗೆ ಧೈರ್ಯ ಸಾಲಲಿಲ್ಲ" ಅನ್ನಿ. ಇವತ್ತು ರಾತ್ರಿ ಊಟ ಆದಮೇಲೆ ಪಕ್ಕದಲ್ಲಿ ಕೂತು ಹೇಳಿ.