ಉತ್ಕರ್ಷಣದಲ್ಲಿ ಏರುವುದು ಏನು?

ತಂಗಿಯ ಮಗಳಿಗೆ ಮೊದಲ ಸೆಮಿಸ್ಟರ್ ಪರೀಕ್ಷೆ ಹತ್ತಿರ ಬಂದಿದೆ. ರಸಾಯನಶಾಸ್ತ್ರದ ಮೂಲಪಾಠಗಳನ್ನು ಇಬ್ಬರೂ ಕೂತು ತಿರುವಿಹಾಕುತ್ತಿದ್ದೇವೆ. ಹತ್ತನೆಯ ತರಗತಿವರೆಗೆ ಕನ್ನಡದಲ್ಲೇ ಓದಿದವಳು, ಹಾಗಾಗಿ ಪದಗಳನ್ನು ಬಿಡಿಸಿ ನೋಡುವ ಚಾಳಿ ಇದೆ. ಅವಳ ತಕರಾರು ಇದು: 'ಅಪ' ಎಂದರೆ ದೂರಕ್ಕೆ, 'ಕರ್ಷಣ' ಎಂದರೆ ಎಳೆಯುವುದು. ಅಂದಮೇಲೆ ಅಪಕರ್ಷಣದಲ್ಲಿ ಎಲೆಕ್ಟ್ರಾನು ಕೈಬಿಟ್ಟು ಹೋಗಬೇಕಲ್ಲವೆ? ಪಾಠದಲ್ಲಿ ಇರುವುದು ಉಲ್ಟಾ. ಎಲೆಕ್ಟ್ರಾನು ಪಡೆದರೆ ಅಪಕರ್ಷಣ (ರಿಡಕ್ಷನ್), ಕಳೆದುಕೊಂಡರೆ ಉತ್ಕರ್ಷಣ (ಆಕ್ಸಿಡೇಷನ್).

ನನಗೆ ತೋಚಿದ್ದನ್ನು ಹೇಳುತ್ತೇನೆ, ಬಲ್ಲವರು ತಿದ್ದಬೇಕು. ಎಲೆಕ್ಟ್ರಾನು ಪತ್ತೆಯಾದದ್ದು 1897ರಲ್ಲಿ. ಈ ಎರಡು ಕ್ರಿಯೆಗಳ ಕಲ್ಪನೆ ಅದಕ್ಕಿಂತ ಬಹಳ ಹಳೆಯದು. ಆಗ ಲೆಕ್ಕಕ್ಕಿದ್ದದ್ದು ಆಕ್ಸಿಜನ್ ಮಾತ್ರ: ಅದು ಸೇರಿದರೆ ಉತ್ಕರ್ಷಣ, ಕಳಚಿದರೆ ಅಪಕರ್ಷಣ. ಕಾಯಿಸಿದ ತಾಮ್ರದ ಆಕ್ಸೈಡಿನ ಮೇಲೆ ಹೈಡ್ರೋಜನ್ ಹಾಯಿಸಿದರೆ ಆಕ್ಸಿಜನ್ ಕಳಚಿಕೊಂಡು ಬರಿಯ ತಾಮ್ರ ಉಳಿಯುತ್ತದೆ. ಈ ಹಳೆಯ ಅರ್ಥಕ್ಕೆ 'ಅಪ' ಚೆನ್ನಾಗಿ ಹೊಂದುತ್ತದೆ. ಆದರೆ 'ಉತ್' ಏನನ್ನು ಮೇಲಕ್ಕೆ ಎಳೆಯುತ್ತದೆ ಎನ್ನುವುದು ಇದರಿಂದ ಬಗೆಹರಿಯುವುದಿಲ್ಲ.

ಅದರ ಬದಲು ಕರ್ಷಣವನ್ನು ಬಿಟ್ಟು ಉತ್ಕರ್ಷ, ಅಪಕರ್ಷ ಎಂಬ ಜೋಡಿಯನ್ನು ಹಿಡಿದರೆ? ಒಂದು ಏಳಿಗೆ, ಇನ್ನೊಂದು ಇಳಿತ. ಮೈಲುತುತ್ತದ (ತಾಮ್ರದ ಸಲ್ಫೇಟಿನ) ದ್ರಾವಣಕ್ಕೆ ಸತುವಿನ ಚೂರು ಹಾಕಿದಾಗ ನೀಲಿ ಬಣ್ಣ ಮಾಸುತ್ತಾ ಹೋಗಿ ತಾಮ್ರ ಕೂರುತ್ತದೆ. ಇಲ್ಲಿ ಸತುವಿನ ಉತ್ಕರ್ಷಣ ಸಂಖ್ಯೆ (ಎಲೆಕ್ಟ್ರಾನು ಹೋದದ್ದು ಬಂದದ್ದರ ಲೆಕ್ಕ) ಸೊನ್ನೆಯಿಂದ +2ಕ್ಕೆ ಏರಿತು, ತಾಮ್ರದ್ದು +2ರಿಂದ ಸೊನ್ನೆಗೆ ಇಳಿಯಿತು. ಎಲೆಕ್ಟ್ರಾನಿಗೆ ಋಣ ವಿದ್ಯುದಂಶ ಇರುವುದರಿಂದ ಅದು ಹೋದಷ್ಟೂ ಸಂಖ್ಯೆ ಏರುತ್ತದೆ. ಏರಿದ್ದು ಉತ್ಕರ್ಷಣ, ಇಳಿದದ್ದು ಅಪಕರ್ಷಣ. ಹುಡುಗಿಗೆ ಇದು ತಟ್ಟನೆ ಹತ್ತಿತು. ಪದ ಕಟ್ಟಿದವರ ಮನಸ್ಸಿನಲ್ಲೂ ಇದೇ ಇತ್ತೆ, ಅಥವಾ ಇದು ನನ್ನ ಕಸರತ್ತೆ? ಹಳೆಯ ಪಾರಿಭಾಷಿಕ ಕೋಶಗಳನ್ನು ಬಳಸಿದವರು ಯಾರಾದರೂ ಹೇಳಿಯಾರೆ?

ಈಗೀಗ ಆಕ್ಸಿಡೀಕರಣ ಎಂದು ಬರೆಯುವವರೂ ಇದ್ದಾರೆ. ನನಗೆ ಅದು ಒಗ್ಗುವುದಿಲ್ಲ. ಸೋಡಿಯಂ ಕ್ಲೋರಿನ್ನಿನಲ್ಲಿ ಉರಿಯುವಾಗ ಆಕ್ಸಿಜನ್ನಿನ ಸುಳಿವೇ ಇರುವುದಿಲ್ಲ, ಆದರೂ ಸೋಡಿಯಂ ಉತ್ಕರ್ಷಣಗೊಳ್ಳುತ್ತದೆ. ಆಕ್ಸಿಜನ್ನಿನ ಹೆಸರು ಹೊತ್ತ ಪದವನ್ನು ಕಲಿತವರು ಇಲ್ಲಿ ಒಮ್ಮೆ ಎಡವುತ್ತಾರೆ, ಉತ್ಕರ್ಷಣ ಎಂದು ಕಲಿತವರಿಗೆ ಆ ತೊಡಕಿಲ್ಲ. (ಆಮ್ಲಜನಕ ಎನ್ನುವ ಹೆಸರೂ ಹೀಗೇ ದಾರಿ ತಪ್ಪಿಸುತ್ತದೆ. ಆಮ್ಲಗಳಲ್ಲೆಲ್ಲ ಅದು ಇರಲೇಬೇಕೆಂದು ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಲವಾಸಿಯೆ ನಂಬಿದ್ದ. ಉಪ್ಪಿನಿಂದ ತಯಾರಾಗುವ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಆಕ್ಸಿಜನ್ ಇಲ್ಲವೆಂದು 1810ರಲ್ಲಿ ಇಂಗ್ಲೆಂಡಿನ ರಸಾಯನಶಾಸ್ತ್ರಜ್ಞ ಡೇವಿ ಹೇಳಿದ. ಅಷ್ಟರಲ್ಲಿ ಹೆಸರು ನೆಲೆಯೂರಿತ್ತು, ಕನ್ನಡಕ್ಕೂ ಹಾಗೇ ಬಂತು.)

ಉತ್ಕರ್ಷಕ ಎಂಬ ಪದ ಇನ್ನೂ ಕಷ್ಟ ಕೊಡುತ್ತಿದೆ. ಅದು ಬೇರೆಯದನ್ನು ಉತ್ಕರ್ಷಣಗೊಳಿಸಿ ತಾನು ಅಪಕರ್ಷಣಗೊಳ್ಳುತ್ತದೆ. ಮೈಲುತುತ್ತದ ಉದಾಹರಣೆಯಲ್ಲಿ ಉತ್ಕರ್ಷಕ ಎಂದರೆ ತಾಮ್ರದ ಅಯಾನು (ವಿದ್ಯುದಂಶ ಹೊತ್ತ ಪರಮಾಣು). ದ್ರಾವಕ ಕರಗಿಸುವುದು, ದ್ರಾವ್ಯ ಕರಗುವುದು ಎಂಬ ಜೋಡಿಯನ್ನು ತೋರಿಸಿ 'ಅಕ' ಎಂದು ಮುಗಿದರೆ ಮಾಡುವವನು ಎಂದು ಹೇಳಿಕೊಟ್ಟೆ. ಹಾಗಾದರೆ ಉತ್ಕರ್ಷಣಗೊಳ್ಳುವ ಸತುವನ್ನು ಉತ್ಕರ್ಷ್ಯ ಎನ್ನಬಹುದೆ ಎಂದು ಕೇಳಿದಳು. ವ್ಯಾಕರಣ ಒಪ್ಪೀತು, ನಾಲಿಗೆ ಒಪ್ಪುವುದಿಲ್ಲ. ಉತ್ತರಪತ್ರಿಕೆಯಲ್ಲಿ ಬರೆಯಬೇಡ ಎಂದಿದ್ದೇನೆ.

ಪ್ರತ್ಯಾಮ್ಲ (ಆಮ್ಲವನ್ನು ತಟಸ್ಥಗೊಳಿಸುವ ವಸ್ತು) ಮತ್ತು ಕ್ಷಾರದ ವಿಷಯ ಸಲೀಸು: ನೀರಿನಲ್ಲಿ ಕರಗುವ ಪ್ರತ್ಯಾಮ್ಲವೇ ಕ್ಷಾರ, ತಾಮ್ರದ ಆಕ್ಸೈಡು ಕರಗದ ಕಾರಣ ಬರಿಯ ಪ್ರತ್ಯಾಮ್ಲ.

ಕೊನೆಯದಾಗಿ, ಮೋಲ್ ಯಾವುದರ ಮಾನ? ರಾಶಿಯದಂತೂ (ಗ್ರಾಂನಲ್ಲಿ ಅಳೆಯುವ ಮಾಸ್) ಅಲ್ಲ. 2 ಗ್ರಾಂ ಹೈಡ್ರೋಜನ್, 32 ಗ್ರಾಂ ಆಕ್ಸಿಜನ್, ಎರಡರಲ್ಲೂ ಹತ್ತಿರಹತ್ತಿರ ಒಂದೊಂದು ಮೋಲ್ ಅಣುಗಳು, ಅಂದರೆ 6.022×10²³ರಷ್ಟು. ವಸ್ತುವಿನ ಪ್ರಮಾಣ ಎಂದು ಬರೆದರೆ, ಪ್ರಮಾಣ ಎನ್ನುವುದು ಅನುಪಾತಕ್ಕೂ ಗಾತ್ರಕ್ಕೂ ತೂಕಕ್ಕೂ ಸಲ್ಲುವ ಪದ. ದ್ರವ್ಯಮೊತ್ತ ಎಂದರೆ ಹೇಗೆ? ಪಾಠ ಮಾಡುವವರು ತರಗತಿಯಲ್ಲಿ ಏನು ಹೇಳುತ್ತೀರಿ?