ಮುರಘಾಸ ಮುಖ್ಯ ಮೇವಾದಾಗ ಪ್ರೋಟೀನ್‌ಗೆ ಏನು ಹಾಕಬೇಕು? (ಶಿರೂರು, ಪುಣೆ ಜಿಲ್ಲೆ)

ಶಿರೂರು_ಗೋಠಾ

ನಮಸ್ಕಾರ್ರೀ ಎಲ್ಲರಿಗೂ. ಎಂಟು ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಕ್ರಾಸ್ ಆಕಳು, ತೂಕ ಸುಮಾರು 450 ಕಿಲೋ. ಹಸಿ ಮೇವು ಮುಗಿದದ್ದಕ್ಕ ಈಗ ಪೂರ್ತಿ ಮೆಕ್ಕೆಜೋಳದ ಮುರಘಾಸಿನ (ಸೈಲೇಜ್, ಗಾಳಿ ತಾಗದಂಗ ಹುದುಗಿಸಿದ ಮೇವು) ಮ್ಯಾಲೆ ಅದಾವು. ಒಂದೊಂದಕ್ಕ ದಿನಕ್ಕ ಹಾಕೋದು: ಮುರಘಾಸ 25 ಕಿಲೋ, ಜೋಳದ ಕಣಿಕೆ 1 ಕಿಲೋ, ಮೆಕ್ಕೆಜೋಳದ ಭರಡಾ (ಒಡೆಸಿದ ಕಾಳು) 2 ಕಿಲೋ, ಗೋಧಿ ಬೂಸಾ 2 ಕಿಲೋ, ಖನಿಜ ಮಿಶ್ರಣ 50 ಗ್ರಾಂ.

15 ಲೀಟರ್ ಕೊಡೋವು 12ಕ್ಕ ಇಳಿದಾವು. ಫ್ಯಾಟ್ 3.8 ಬರ್ತೈತಿ, ಎಸ್‌ಎನ್‌ಎಫ್ (ಫ್ಯಾಟ್ ಬಿಟ್ಟು ಹಾಲಿನ ಘನ ಅಂಶ) ಮಾತ್ರ 8.2. ಹಾಲಿನ ದರ ಫ್ಯಾಟ್ 3.5, ಎಸ್‌ಎನ್‌ಎಫ್ 8.5ರ ಲೆಕ್ಕದಾಗ ಇರೋದರಿಂದ ಎಸ್‌ಎನ್‌ಎಫ್‌ಗೆ ಕಡಿತ ಬೀಳ್ತೈತಿ. ಸಗಣಿ ಗಟ್ಟಿ, ಒಂದರ ಮ್ಯಾಲೊಂದು ಕೂಡತೈತಿ. ದಾವಣಿಯಾಗ ಮುರಘಾಸ ಉಳೀಲಿಕ್ಕೂ ಹತ್ತೈತಿ.

ಸರ್ಕಿ ಪೆಂಡ್ (ಹತ್ತಿಕಾಳಿನ ಹಿಂಡಿ), ಶೇಂಗಾ ಹಿಂಡಿ, ಸೋಯಾ ಡಿಒಸಿ (ಎಣ್ಣಿ ತೆಗೆದ ಹಿಂಡಿ), ಡಿಡಿಜಿಎಸ್ (ಕಾಳಿನಿಂದ ಎಥೆನಾಲ್ ತೆಗೆದ ಮ್ಯಾಲೆ ಉಳಿಯೋ ಒಣ ಚರಟ), ಇವುಗಳಾಗ ಯಾವುದು ಹಾಕಲಿ, ಎಷ್ಟು ಹಾಕಲಿ? ಯೂರಿಯಾ ಹಾಕಿದ್ರ ಅಗ್ಗ ಅಂತ ಹೇಳ್ತಾರ, ಅದು ಸರಿನಾ?

ಹಡಪ್ಸರ್_ಪಶುಆಹಾರ

ನಿಮ್ಮ ಪ್ರಶ್ನೆಯಲ್ಲೇ ಉತ್ತರಕ್ಕೆ ಬೇಕಾದ ಅಂಕಿ ಎಲ್ಲ ಇದೆ, ಲೆಕ್ಕ ಹಾಕಿಬಿಡೋಣ.

ಮುರಘಾಸದ ಒಣ ಅಂಶ (ನೀರು ಕಳೆದು ಉಳಿಯೋದು) 32%, ಅದರಲ್ಲಿ ಪ್ರೋಟೀನ್ 8% ಅಂತ ಹಿಡಿಯಿರಿ. 25 ಕಿಲೋದಲ್ಲಿ ಒಣ ಅಂಶ 8 ಕಿಲೋ, ಪ್ರೋಟೀನ್ 640 ಗ್ರಾಂ. ಕಣಿಕೆಯಿಂದ 36 ಗ್ರಾಂ, ಭರಡಾದಿಂದ 180, ಬೂಸಾದಿಂದ 300. ಒಟ್ಟು ಸುಮಾರು 1155 ಗ್ರಾಂ. ಹೊಟ್ಟೆಗೆ ಹೋಗೋ ಒಣ ಅಂಶ 12.5 ಕಿಲೋ. ಅಂದರೆ ಇಡೀ ಆಹಾರದಲ್ಲಿ ಪ್ರೋಟೀನ್ 9% ಚಿಲ್ಲರೆ.

ಈಗ ಬೇಕಾದದ್ದು ಎಷ್ಟು? 450 ಕಿಲೋ ಆಕಳಿಗೆ ಮೈ ಕಾಯೋದಕ್ಕೇ 400 ಗ್ರಾಂ ಹತ್ತಿರ ಬೇಕು. ಹಾಲಿಗೆ ಲೀಟರಿಗೆ 85–90 ಗ್ರಾಂ. 15 ಲೀಟರಿಗೆ ಒಟ್ಟು 1700 ಗ್ರಾಂ ದಾಟುತ್ತದೆ. ನೀವು ಕೊಡುತ್ತಿರುವ ಪ್ರೋಟೀನ್ 9 ಲೀಟರಿಗೂ ಸಾಲದು. ಅದರ ಮೇಲೆ ಬರುತ್ತಿರುವ ಹಾಲು ಆಕಳ ಮೈ ಕರಗಿಸಿ ಬರುತ್ತಿದೆ, ಬಹಳ ದಿನ ಬರೋದಿಲ್ಲ.

ಸಗಣಿ ಗಟ್ಟಿ ಆಗೋದು, ಮೇವು ಉಳಿಯೋದು, ಎರಡಕ್ಕೂ ಕಾರಣ ಒಂದೇ. ದೊಡ್ಡ ಹೊಟ್ಟೆಯ (ಮೇವು ಹುದುಗುವ ಮೊದಲ ಹೊಟ್ಟೆ, ರೂಮೆನ್) ಸೂಕ್ಷ್ಮಾಣುಗಳಿಗೆ ಸಾರಜನಕ ಸಿಗದಿದ್ದರೆ ಅವು ನಾರು ಕರಗಿಸೋದು ನಿಧಾನವಾಗುತ್ತದೆ. ಮೇವು ಹೊಟ್ಟೆಯಲ್ಲೇ ನಿಲ್ಲುತ್ತದೆ, ಮುಂದಿನ ಮೇವಿಗೆ ಜಾಗ ಇರೋದಿಲ್ಲ. ಆಗ ಎಷ್ಟು ಒಳ್ಳೆ ಮುರಘಾಸ ಹಾಕಿದರೂ ವ್ಯರ್ಥ.

ನಿಮ್ಮ ಸಾಮಾನು ಬಿಡದೆ ಹೀಗೆ ಬದಲಿಸಿ: ಮುರಘಾಸ 25, ಕಣಿಕೆ 1, ಭರಡಾ 1.5, ಬೂಸಾ 1.5, ಸೋಯಾ ಡಿಒಸಿ 1.75 ಕಿಲೋ. ಡಿಒಸಿಯಲ್ಲಿ 45% ಪ್ರೋಟೀನ್ ಹಿಡಿದರೆ ಒಟ್ಟು 1820 ಗ್ರಾಂ, ಒಣ ಅಂಶ 13.2 ಕಿಲೋ. ಸುಮಾರು 14% ಆಯಿತು. ಡಿಒಸಿಯನ್ನು ಒಂದೇ ದಿನ ಪೂರ್ತಿ ಹಾಕಬೇಡಿ. 500 ಗ್ರಾಂನಿಂದ ಶುರುಮಾಡಿ ಎರಡು ದಿನಕ್ಕೊಮ್ಮೆ 250 ಗ್ರಾಂ ಏರಿಸಿ, ಎರಡು ಹೊತ್ತಿಗೆ ಹಂಚಿ. ನೆನೆಸೋ ಅಗತ್ಯ ಇಲ್ಲ. ಮುರಘಾಸದ ಮೇಲೆ ಉದುರಿಸಿ ಕೈಯಾಡಿಸಿದರೆ ಸಾಕು, ಹಸಿ ಇರೋದರಿಂದ ಪುಡಿ ಅಂಟಿಕೊಳ್ಳುತ್ತದೆ, ಆಕಳು ಆರಿಸಿ ತಿನ್ನೋದಕ್ಕೆ ಆಗೋದಿಲ್ಲ.

ಮೊದಲು ಸಗಣಿ ಸಡಿಲಾಗುತ್ತದೆ, ಮೇವು ಉಳಿಯೋದು ನಿಲ್ಲುತ್ತದೆ, ಆಮೇಲೆ ಹಾಲು. ಎಸ್‌ಎನ್‌ಎಫ್ ಕೊನೆಗೆ ಏರುತ್ತದೆ, ಅದಕ್ಕೆ ಗಡಿಬಿಡಿ ಮಾಡಬೇಡಿ.

ನೀರಿನ ಸೌಕರ್ಯ ಇದ್ದರೆ ಒಂದಿಷ್ಟು ಗುಂಟೆ ಕುದುರೆಮೆಂತೆ ಹಾಕಿ. ಹಸಿ ಕುದುರೆಮೆಂತೆ 10 ಕಿಲೋ ಕೊಟ್ಟರೆ 380 ಗ್ರಾಂ ಹತ್ತಿರ ಪ್ರೋಟೀನ್ ಸಿಗುತ್ತದೆ, 800 ಗ್ರಾಂ ಡಿಒಸಿ ಉಳಿಯುತ್ತದೆ.

ಇಂದಾಪುರ_ಹಿಂಡಿ_ಲೆಕ್ಕ

ಮೇಲಿನ ಲೆಕ್ಕ ಸರಿ ಐತಿ. ಯಾವ ಹಿಂಡಿ ಅನ್ನೋದಕ್ಕ ನಾ ಹೇಳ್ತೀನಿ. ಚೀಲದ ದರ ನೋಡಬ್ಯಾಡ್ರಿ, ಒಂದು ಕಿಲೋ ಪ್ರೋಟೀನಿನ ದರ ನೋಡ್ರಿ. ಉದಾಹರಣೆಗೆ ಡಿಒಸಿ ಕಿಲೋಗೆ 45 ರೂಪಾಯಿ, ಪ್ರೋಟೀನ್ 45% ಇದ್ರ ಪ್ರೋಟೀನಿನ ಕಿಲೋ 100 ರೂಪಾಯಿಗೆ ಬಿತ್ತು. ಸರ್ಕಿ ಪೆಂಡ್ 36 ರೂಪಾಯಿ, ಪ್ರೋಟೀನ್ 22% ಇದ್ರ 164 ರೂಪಾಯಿ. ಸಿಪ್ಪೆ ತೆಗೆಯದ ಸರ್ಕಿ ಪೆಂಡಿನಾಗ 20–24% ಮೀರಿ ಪ್ರೋಟೀನ್ ಇರೂದಿಲ್ಲ. ಎಣ್ಣಿ ಅಂಶ ಉಳಿದಿರ್ತೈತಿ, ಫ್ಯಾಟ್‌ಗೆ ಒಳ್ಳೇದು ಅಂತ ಎಲ್ಲಾರೂ ಹಾಕ್ತಾರ. ನಿಮ್ಮ ಫ್ಯಾಟ್ ಚಲೋ ಐತಿ, ನಿಮಗ ಬೇಕಾಗಿರೋದು ಪ್ರೋಟೀನ್.

ಶೇಂಗಾ ಹಿಂಡಿ 40% ದಾಟತೈತಿ, ರುಚಿನೂ ಹೌದು. ಆದ್ರ ಅದರ ಪ್ರೋಟೀನ್ ದೊಡ್ಡ ಹೊಟ್ಟಿಯಾಗ ಲಗೂನ ಒಡೀತೈತಿ. ಮುರಘಾಸಿನ ಪ್ರೋಟೀನಿನಾಗ ಅರ್ಧದಷ್ಟು ಹುದುಗುವಾಗಲೇ ಒಡೆದು ಕರಗೋ ರೂಪಕ್ಕ ಬಂದಿರ್ತೈತಿ. ಎರಡೂ ಒಟ್ಟಿಗೆ ಬೇಗ ಒಡೆಯೋವಾದ್ರ ಸಾರಜನಕ ಮೂತ್ರದಾಗ ಹೋಗ್ತೈತಿ. ಇನ್ನೊಂದು, ಮಳೆಗಾಲದ ಶೇಂಗಾ ಹಿಂಡಿಗೆ ಬೂಷ್ಟಿನ ವಿಷ, ಅಫ್ಲಾಟಾಕ್ಸಿನ್, ಬರೋ ಭಯ. ಅದು ಹಾಲಿಗೆ ಇಳೀತೈತಿ. ಮಕ್ಕಳು ಕುಡಿಯೋ ಹಾಲು, ಇದರಾಗ ರಾಜಿ ಬ್ಯಾಡ. ಹಾಲಿನಾಗ ಕಿಲೋಗೆ 0.5 ಮೈಕ್ರೋಗ್ರಾಂ ಮೀರಬಾರದು ಅಂತ ಕಾನೂನೇ ಐತಿ.

ಡಿಡಿಜಿಎಸ್ ಬಗ್ಗೆ ಒಂದು ಮಾತು. ಎಥೆನಾಲ್ ಕಾರ್ಖಾನೆ ಹೆಚ್ಚಾದ ಮ್ಯಾಲೆ ಇದು ಅಗ್ಗಕ್ಕ ಸಿಗ್ತೈತಿ. ಮೆಕ್ಕೆಜೋಳದ್ದು 26–30%, ಅಕ್ಕಿದು 40% ದಾಟತೈತಿ. ಮೆಕ್ಕೆಜೋಳದಾಗ ಬೂಷ್ಟಿನ ವಿಷ ಇದ್ರ ಡಿಡಿಜಿಎಸ್‌ನಾಗ ಅದು ಮೂರುಪಟ್ಟು ಆಗಿರ್ತೈತಿ, ಯಾಕಂದ್ರ ಪಿಷ್ಟ ಹೋಗಿ ಉಳಿದದ್ದೇ ಗಟ್ಟಿಯಾಗೋದು. ಬಣ್ಣ ಬಂಗಾರದ ಹಳದಿ ಇರಬೇಕು. ಕಪ್ಪಗಾಗಿ ಸುಟ್ಟ ವಾಸನಿ ಬಂದ್ರ ಪ್ರೋಟೀನ್ ಕಾವಿಗೆ ಕಟ್ಟಿಹೋಗೈತಿ, ಲ್ಯಾಬಿನಾಗ 28% ತೋರಿಸಿದ್ರೂ ಆಕಳಿಗೆ ಅಷ್ಟು ದಕ್ಕೂದಿಲ್ಲ.

ಮುಖ್ಯ ಮಾತು: ಮುರಘಾಸ ಮೆಕ್ಕೆಜೋಳ, ಭರಡಾ ಮೆಕ್ಕೆಜೋಳ, ಮ್ಯಾಲೆ ಡಿಡಿಜಿಎಸ್ಸೂ ಮೆಕ್ಕೆಜೋಳದ್ದೇ ಹಾಕಿದ್ರ ಲೈಸಿನ್ (ಪ್ರೋಟೀನಿನ ಒಂದು ಅಗತ್ಯ ಅಮೈನೋ ಆಮ್ಲ) ಕಡಿಮಿ ಬೀಳತೈತಿ. ಸೋಯಾದಾಗ ಲೈಸಿನ್ ಹೇರಳ. ಅದಕ್ಕ ಅರ್ಧ ಅಳತಿಯರೆ ಸೋಯಾ ಇರಲಿ: ಡಿಒಸಿ 1 ಕಿಲೋ, ಡಿಡಿಜಿಎಸ್ 1.2 ಕಿಲೋ ಹಾಕಿ ಬೂಸಾ ಇನ್ನೊಂದು ಅರ್ಧ ಕಿಲೋ ಇಳಿಸ್ರಿ.

ಖರೀದಿ ಮಾಡುವಾಗ ಲ್ಯಾಬ್ ವರದಿ ಕೇಳ್ರಿ, ಯೂರಿಯಾ ಪರೀಕ್ಷೆ ಬ್ಯಾರೆ ಮಾಡಿಸ್ರಿ. ಸಾಮಾನ್ಯ ಪ್ರೋಟೀನ್ ಪರೀಕ್ಷೆ ಸಾರಜನಕ ಅಷ್ಟ ಎಣಿಸತೈತಿ, ಹಿಂಡಿಯಾಗ ಯೂರಿಯಾ ಬೆರೆಸಿದ್ರೂ ಪ್ರೋಟೀನ್ ಅಂತನ ತೋರಿಸತೈತಿ. ಗುಜರಾತಿನ ಆಣಂದದಾಗ ಎನ್‌ಡಿಡಿಬಿಯ (ರಾಷ್ಟ್ರೀಯ ಡೈರಿ ಅಭಿವೃದ್ಧಿ ಮಂಡಳಿ) ಕಾಫ್ ಲ್ಯಾಬ್ ಐತಿ, ಅಲ್ಲಿಗೂ ಕಳಿಸಬಹುದು.

ಶಿರೂರು_ಗೋಠಾ

ಇಬ್ಬರಿಗೂ ಧನ್ಯವಾದ ರೀ. ಎರಡು ಸಂಶಯ. ಮುರಘಾಸಿನ ಬ್ಯಾಗ್ ತುಂಬುವಾಗ ಟನ್ನಿಗೆ 5 ಕಿಲೋ ಯೂರಿಯಾ ಹಾಕೀವಿ ಅಂತ ಮಾರಿದವರು ಈಗ ಹೇಳ್ತಾರ. ಎರಡನೇದು, ಮನ್ಯಾಗ ಸೋಯಾಬೀನ್ ಕಾಳು ಐತಿ. ಅದನ್ನ ಗಿರಣಿಯಾಗ ಒಡೆಸಿ, ಸ್ವಲ್ಪ ಯೂರಿಯಾ ಕೂಡಿಸಿ ಹಾಕಿದ್ರ ಡಿಒಸಿ ಖರ್ಚು ಉಳೀತೈತಲ್ಲ?

ಬಾರಾಮತಿ_ಪಶುವೈದ್ಯ

ಶಿರೂರಿನವರೇ, ಹಸಿ ಸೋಯಾಬೀನ್ ಮತ್ತು ಯೂರಿಯಾ ಒಟ್ಟಿಗೆ ದಯವಿಟ್ಟು ಹಾಕಬೇಡಿ. ಹುರಿಯದ ಸೋಯಾದಲ್ಲಿ ಯೂರಿಯೇಸ್ ಅನ್ನೋ ಕಿಣ್ವ ಇರುತ್ತದೆ. ತೇವ ಸಿಕ್ಕ ಕೂಡಲೇ ಅದು ಯೂರಿಯಾವನ್ನು ಅಮೋನಿಯಾ ಮಾಡುತ್ತದೆ. ಗೋದಲಿಯಲ್ಲೇ ಘಾಟು ಬಂದು ಆಕಳು ತಿನ್ನೋದಿಲ್ಲ, ತಿಂದರೆ ವಿಷ ಏರುವ ಅಪಾಯ. ಡಿಒಸಿ ತಯಾರಿಯಲ್ಲಿ ಬಿಸಿ ಮಾಡಿರುವುದರಿಂದ ಅದರಲ್ಲಿ ಈ ತೊಂದರೆ ಇಲ್ಲ. ಮನೆಯ ಕಾಳು ಬಳಸೋದೇ ಆದರೆ ಚೆನ್ನಾಗಿ ಹುರಿದು ಒಡೆಸಿ, ಆಕಳಿಗೆ 1 ಕಿಲೋ ಮೀರಬೇಡಿ. ಅದರಲ್ಲಿ 18–20% ಎಣ್ಣೆ ಇದೆ, ಹೆಚ್ಚಾದರೆ ನಾರು ಜೀರ್ಣವಾಗೋದು ಕೆಡುತ್ತದೆ.

ಬ್ಯಾಗಿಗೆ ಟನ್ನಿಗೆ 5 ಕಿಲೋ ನಿಜವಾಗಿಯೂ ಹಾಕಿದ್ದರೆ ಮುರಘಾಸದ ಪ್ರೋಟೀನ್ 8ರಿಂದ 12%ದ ಹತ್ತಿರ ಬಂದಿರಬೇಕು. ಆಗ ಇಲ್ಲಿಯ ಲೆಕ್ಕವೆಲ್ಲ ಬದಲಾಗುತ್ತದೆ. ಸಗಣಿ ಇಷ್ಟು ಗಟ್ಟಿ ಇರೋದನ್ನು ನೋಡಿದರೆ ಹಾಕಿದ್ದು ಅನುಮಾನ, ಆದರೂ ಊಹೆಯ ಮೇಲೆ ನಡೆಯೋದು ಬೇಡ. ಒಂದು ಮಾದರಿ ಲ್ಯಾಬಿಗೆ ಹೋಗಲಿ. ವರದಿ ಬರುವ ತನಕ ಗೋದಲಿಗೆ ಒಂದು ಚಿಟಿಕೆ ಯೂರಿಯಾವೂ ಬೇಡ, ಡಿಒಸಿಯನ್ನೂ 1 ಕಿಲೋಗೆ ನಿಲ್ಲಿಸಿ.

ಯೂರಿಯಾ ಹಾಕಿಲ್ಲ ಅಂತ ಗೊತ್ತಾದರೆ, 50 ಗ್ರಾಂ ಯೂರಿಯಾ 144 ಗ್ರಾಂ ಪ್ರೋಟೀನಿಗೆ ಸಮ. 320 ಗ್ರಾಂ ಡಿಒಸಿ ಉಳಿಸಬಹುದು. 15 ಗ್ರಾಂನಿಂದ ಶುರುಮಾಡಿ ಮೂರು ವಾರದಲ್ಲಿ 50 ಗ್ರಾಂಗೆ ತನ್ನಿ, ಅಲ್ಲಿಗೇ ನಿಲ್ಲಿಸಿ. ತೂಕದ ಕಾಟಾ ಬೇಕೇ ಬೇಕು, ಮುಷ್ಟಿ ಲೆಕ್ಕ ನಡೆಯೋದಿಲ್ಲ. ಗಂಟು ಪುಡಿಮಾಡಿ, ಮೊದಲು ಭರಡಾದಲ್ಲಿ ಕಲಸಿ, ಆಮೇಲೆ ಮುರಘಾಸಕ್ಕೆ ಬೆರೆಸಿ, ಎರಡು ಹೊತ್ತಿಗೆ ಹಂಚಿ. ಕುಡಿಯೋ ನೀರಿಗೆ ಎಂದೂ ಹಾಕಬಾರದು, ಹಸಿದ ಆಕಳಿಗೆ ಕೊಡಬಾರದು. ಎರಡು ದಿನ ತಪ್ಪಿದರೆ ಮತ್ತೆ 15ರಿಂದಲೇ ಶುರು. ಭರಡಾ ಜೊತೆಗಿರಲೇಬೇಕು. ಪಿಷ್ಟದ ಶಕ್ತಿ ಇಲ್ಲದಿದ್ದರೆ ಸೂಕ್ಷ್ಮಾಣುಗಳು ಆ ಅಮೋನಿಯಾವನ್ನು ಪ್ರೋಟೀನ್ ಮಾಡಿಕೊಳ್ಳಲಾರವು.

ತಿಂದ ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ಮೈ ನಡುಕ, ಜೊಲ್ಲು, ಹೊಟ್ಟೆ ಉಬ್ಬರ, ತೂರಾಡೋದು ಕಂಡರೆ ಯೂರಿಯಾ ವಿಷ. ಮೇವು ತೆಗೆದು ಡಾಕ್ಟರಿಗೆ ಕೂಡಲೇ ಫೋನ್ ಮಾಡಿ. ವಿನೆಗರ್ ಮತ್ತು ಬಹಳಷ್ಟು ತಣ್ಣೀರನ್ನು ಹೊಟ್ಟೆಗೆ ಕೊಳವೆಯಿಂದ ಕೊಡಬೇಕಾಗುತ್ತದೆ. ನುಂಗಲಾಗದ ಆಕಳಿಗೆ ಬಾಯಿಯಿಂದ ಹೊಯ್ಯಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ. ನಾಲ್ಕೈದು ಲೀಟರ್ ವಿನೆಗರ್ ಗೋಠಾದಲ್ಲಿ (ಕೊಟ್ಟಿಗೆಯಲ್ಲಿ) ಇಡಲು ಆಗದವರು ಯೂರಿಯಾ ಮುಟ್ಟದಿರುವುದೇ ಒಳ್ಳೆಯದು.

ಚಾಕಣ್_ಮೇವು

ಮುರಘಾಸವನ್ನೇ ಯಾರೂ ನೋಡಿಲ್ಲವಲ್ಲ. 32% ಅನ್ನೋದು ಊಹೆ. 100 ಗ್ರಾಂ ಮುರಘಾಸ ತಟ್ಟೆಯಲ್ಲಿ ಹರಡಿ ಮೈಕ್ರೋವೇವ್‌ನಲ್ಲಿಡಿ, ಮೂಲೆಯಲ್ಲಿ ಒಂದು ಲೋಟ ನೀರು ಇರಲಿ. ಎರಡೆರಡು ನಿಮಿಷ ಕಾಯಿಸಿ ತೂಗಿ. ತೂಕ ಇಳಿಯೋದು ನಿಂತಾಗ ಉಳಿದ ಗ್ರಾಂ ಎಷ್ಟೋ ಒಣ ಅಂಶ ಅಷ್ಟು ಶೇಕಡಾ. 25% ಬಂದರೆ ನಿಮ್ಮ 25 ಕಿಲೋದಲ್ಲಿ 8 ಕಿಲೋ ಬದಲು 6.25 ಕಿಲೋ ಮಾತ್ರ ಹೋಗುತ್ತಿದೆ. ಆಗ ಕೊರತೆ ಪ್ರೋಟೀನಿನದಷ್ಟೇ ಅಲ್ಲ, ಶಕ್ತಿಯದೂ ಹೌದು. ಎಸ್‌ಎನ್‌ಎಫ್ ಇಳಿಯೋಕೆ ಅದೂ ದೊಡ್ಡ ಕಾರಣ.

ಸಗಣಿಯನ್ನು ಜರಡಿಯಲ್ಲಿ ತೊಳೆದು ನೋಡಿ. ಇಡೀ ಮೆಕ್ಕೆಜೋಳದ ಕಾಳು ಸಿಕ್ಕರೆ ಕಟಾವು ತಡವಾಗಿದೆ ಅಥವಾ ಕುಟ್ಟಿಯಲ್ಲಿ ಕಾಳು ಒಡೆದಿಲ್ಲ. ಆ ಕಾಳಿನ ಪಿಷ್ಟ ಆಕಳಿಗೆ ಸಿಗುತ್ತಿಲ್ಲ, ಭರಡಾ ಇಳಿಸಬೇಡಿ.

ಎಂಟು ಆಕಳಿಗೆ ದಿನಕ್ಕೆ 200 ಕಿಲೋ, ಒಂದು ಟನ್ನಿನ ಬ್ಯಾಗ್ ಐದು ದಿನ. ಅಷ್ಟರಲ್ಲಿ ಕೈ ಒಳಗಿಟ್ಟರೆ ಬಿಸಿ ತಾಗಿದರೆ ಗಾಳಿ ಹೊಕ್ಕು ಕೆಡುತ್ತಿದೆ ಅಂತ ಅರ್ಥ. ಬಾಯಿ ಬಿಗಿಯಾಗಿ ಕಟ್ಟಿ, ಬೂಷ್ಟು ಹಿಡಿದದ್ದನ್ನು ಎಸೆಯಿರಿ, ಡಿಒಸಿಯ ಜೊತೆ ಕಲಸಿ ತಿನ್ನಿಸೋ ಯೋಚನೆ ಬೇಡ.

ಶಿರೂರು_ಗೋಠಾ

ಮಾದರಿ ನಾಳೆ ಕಳಸ್ತೀನಿ. ವತ್ತಿದ (ಹಾಲು ನಿಂತ) ಎರಡು ಆಕಳು, ಆರು ತಿಂಗಳ ಒಳಗಿನ ಕರಗಳಿಗೂ ಇದೇ ಮಿಶ್ರಣನಾ?

ಬಾರಾಮತಿ_ಪಶುವೈದ್ಯ

ಬೇಡ. ವತ್ತಿದ ಆಕಳಿಗೆ ಇಷ್ಟು ಪ್ರೋಟೀನ್ ಬೇಕಿಲ್ಲ: ಮುರಘಾಸ 12–15 ಕಿಲೋ, ಹೊಟ್ಟೆ ತುಂಬುವಷ್ಟು ಕಣಿಕೆ, ಡಿಒಸಿ 700–800 ಗ್ರಾಂ. ಭರಡಾ ಹಾಕಿ ಕೊಬ್ಬಿಸಬೇಡಿ, ಕರು ಹಾಕಿದ ಮೇಲೆ ಕೀಟೋಸಿಸ್ (ಮೈ ಕೊಬ್ಬು ಅತಿಯಾಗಿ ಕರಗಿ ಬರುವ ರೋಗ) ಬರಬಹುದು. ಕರಗಳಿಗೆ ಯೂರಿಯಾ ಸೋಕಿದ ಮುರಘಾಸ, ಸರ್ಕಿ ಪೆಂಡ್ ಎರಡೂ ಬೇಡ. ಅವುಗಳ ದೊಡ್ಡ ಹೊಟ್ಟೆ ಇನ್ನೂ ಬೆಳೆದಿಲ್ಲ, ಸರ್ಕಿಯಲ್ಲಿರುವ ಗಾಸಿಪಾಲ್ ಅನ್ನೋ ವಿಷ ತಡೆಯೋ ಶಕ್ತಿಯೂ ಇಲ್ಲ. ಭರಡಾ ಮತ್ತು ಡಿಒಸಿ ಸೇರಿಸಿ 18–20% ಪ್ರೋಟೀನ್ ಇರುವ ಕರು ಆಹಾರ, ಒಳ್ಳೆ ಒಣ ಹುಲ್ಲು ಕೊಡಿ. ಲ್ಯಾಬ್ ವರದಿ ಬಂದ ಮೇಲೆ ಒಣ ಅಂಶ, ಪ್ರೋಟೀನ್, ಅಮೋನಿಯಾ ಸಾರಜನಕ, ಮೂರೂ ಅಂಕಿ ಇಲ್ಲೇ ಹಾಕಿ, ಯೂರಿಯಾ ಬಿದ್ದಿದೆಯೋ ಇಲ್ಲವೋ ಅದರಿಂದ ತಿಳಿಯುತ್ತದೆ.