ಎನ್‌ಗೊರೊಂಗೊರೊ: ಒಂದೇ ದಿನ, ಒಂದೇ ಜೀಪು, ಇಬ್ಬರ ಆಸೆ ಬೇರೆ ಬೇರೆ

ನಿಧಾನಸ್ಥ:
ಎಲ್ಲರಿಗೂ ನಮಸ್ಕಾರ. ಜುಲೈನಲ್ಲಿ ನಾನು ಮತ್ತು ನನ್ನ ಸ್ನೇಹಿತ ತಾಂಜಾನಿಯಾಕ್ಕೆ ಹೊರಟಿದ್ದೇವೆ. ಸಫಾರಿಗೆ ಸಿಗುವುದು ಒಂದೇ ದಿನ. ಎನ್‌ಗೊರೊಂಗೊರೊ ಕುಳಿಗೆ (ಹಳೇ ಜ್ವಾಲಾಮುಖಿ ಕುಸಿದು ಆದ ದೊಡ್ಡ ತಗ್ಗು, ಒಳಗೆ ಕಾಡುಪ್ರಾಣಿಗಳಿವೆ) ಇಳಿಯೋಣ ಅಂತ ಇಬ್ಬರೂ ಒಪ್ಪಿದ್ದೇವೆ. ಒಪ್ಪಿಗೆ ಅಲ್ಲಿಗೇ ಮುಗಿಯಿತು. ಅವನಿಗೆ ಸಿಂಹ, ಘೇಂಡಾಮೃಗ, ಆನೆ, ಜಿರಾಫೆ ಎಲ್ಲದರ ಫೋಟೊ ಬೇಕು. ಪಟ್ಟಿ ಬರೆದು ಫೋನಿನಲ್ಲಿ ಇಟ್ಟುಕೊಂಡಿದ್ದಾನೆ. ನನಗೆ ಒಂದು ಕಡೆ ಗಾಡಿ ನಿಲ್ಲಿಸಿ ಸುಮ್ನೆ ನೋಡ್ತಾ ಕೂರೋದು ಇಷ್ಟ. ಹಿಂದೆ ಒಂದು ಸಫಾರಿಯಲ್ಲಿ ನಾನು ಜಿಂಕೆ ನೋಡ್ತಿದ್ದರೆ ಇವನು ಡ್ರೈವರ್ ಭುಜ ತಟ್ಟಿ "ಮುಂದೆ ಹೋಗಿ, ಮುಂದೆ ಹೋಗಿ" ಅಂತಿದ್ದ. ಎರಡು ದಿನ ಮಾತು ಬಿಟ್ಟಿದ್ದೆವು.

ಅಲ್ಲಿನ ಅರುಶಾ ನಗರದಿಂದ ಅದೇ ದಿನ ಹೋಗಿ ವಾಪಸ್ ಬರೋಕೆ ಆಗುತ್ತಾ? ಇಂಥ ಸ್ನೇಹಿತನನ್ನು ಯಾರಾದರೂ ಸಂಭಾಳಿಸಿದ್ದೀರಾ?

ಧೂಳುಟೋಪಿ:
ಆಗುತ್ತೆ, ಆದರೆ ಬೇಡ. ಅರುಶಾದಿಂದ ಗೇಟಿಗೇ ಸುಮಾರು ಮೂರು ಗಂಟೆ ಬೇಕು. ಗೇಟು ತೆರೆಯುವುದು ಬೆಳಿಗ್ಗೆ 6ಕ್ಕೆ. ಸಂಜೆ 6ರೊಳಗೆ ಕುಳಿ ಬಿಟ್ಟು ಮೇಲೆ ಬಂದಿರಬೇಕು. ಹಿಂದಿನ ರಾತ್ರಿ ಕರಾಟುನಲ್ಲಿ ಉಳಿದುಕೊಳ್ಳಿ, ಗೇಟಿಗೆ ಹತ್ತಿರದ ಊರು ಅದೇ. ಕುಳಿಯ ಅಂಚು 2,200 ಮೀಟರಿಗಿಂತ ಎತ್ತರದಲ್ಲಿದೆ. ಜುಲೈ ಬೆಳಿಗ್ಗೆ ಮಂಜು ಕವಿದು ಗಾಡಿಯ ಮೂತಿಯೂ ಕಾಣುವುದಿಲ್ಲ. ಸ್ವೆಟರ್ ಇಲ್ಲದೆ ಹೋಗಿ ಹಲ್ಲು ಕಟಕಟ ಅನ್ನಿಸಿಕೊಂಡವನು ನಾನು.

ಇನ್ನು ಸ್ನೇಹಿತನ ವಿಷಯ. ನನ್ನವನೂ ಅಂಥವನೇ. ಇಳಿದ ಕೂಡಲೇ "ಘೇಂಡಾಮೃಗ ಎಲ್ಲಿ?" ಅಂತ ಶುರು ಮಾಡಿದ. ಅಲ್ಲಿ ರಸ್ತೆ ಬಿಟ್ಟು ಗಾಡಿ ಇಳಿಸುವಂತಿಲ್ಲ. ಪ್ರಾಣಿ ದೂರ ಇದ್ದರೆ ದೂರವೇ. ಒಂದು ಗಂಟೆಗೂ ಜಾಸ್ತಿ ಕಾದ ಮೇಲೆ ಬಿಸಿಲ ಝಳದಲ್ಲಿ ನಡುಗುವ ಒಂದು ಬೂದು ಚುಕ್ಕೆ ಕಂಡಿತು. ದುರ್ಬೀನಿನಲ್ಲಿ ನೋಡಿದರೆ ಕೊಂಬಿದೆ ಅಂತ ನಂಬಬಹುದು, ಅಷ್ಟೇ. ಇವನು ಫೋಟೊ ದೊಡ್ಡದು ಮಾಡಿ ಮಾಡಿ ನೋಡಿ, ಮುಖ ಊದಿಸಿಕೊಂಡು ಕೂತ. ಆ ಗಂಟೆ ನನಗೂ ಬೇಜಾರೇ, ಸುಳ್ಳು ಹೇಳಲ್ಲ.

ಹನ್ನೊಂದರ ಹೊತ್ತಿಗೆ ಸಿಂಹಗಳು ಸಿಕ್ಕವು. ಎರಡು ಹೆಣ್ಣು, ರಸ್ತೆ ಪಕ್ಕದಲ್ಲೇ. ಆ ಬಯಲಿನಲ್ಲಿ ಮರ ಕಡಿಮೆ. ಅದಕ್ಕೇ ಅವು ಗಾಡಿಯ ನೆರಳು ಹುಡುಕಿಕೊಂಡು ಬರುತ್ತವೆ. ಒಂದು ಎದ್ದು, ಮೈ ಮುರಿದು, ನೇರ ನಮ್ಮ ಚಕ್ರದ ಪಕ್ಕ ಬಂದು ಧೊಪ್ಪನೆ ಬಿತ್ತು. ಡ್ರೈವರ್ ಎಂಜಿನ್ ಆಫ್ ಮಾಡಿದವರು ಮತ್ತೆ ಶುರು ಮಾಡಲಿಲ್ಲ. ಅದು ಏದುಸಿರು ಬಿಡುವುದು ಕೇಳಿಸುತ್ತಿತ್ತು. ಕಿವಿಯ ಅಂಚಿನಲ್ಲಿ ಹಳೇ ಹರಿದ ಗಾಯ, ಅದರ ಮೇಲೆ ನೊಣ. ಕಿವಿ ಪಟ್ ಅಂತ ಒದರಿದರೆ ನೊಣ ಏಳುತ್ತಿತ್ತು, ಮತ್ತೆ ಅಲ್ಲೇ ಕೂರುತ್ತಿತ್ತು. ಸ್ನೇಹಿತ ಮೊದಲ ಹತ್ತು ನಿಮಿಷ ಚಟಚಟ ಫೋಟೊ ಹೊಡೆದ. ಆಮೇಲೆ ಹೊಡೆಯೋಕೆ ಏನೂ ಉಳಿಯಲಿಲ್ಲ, ಕ್ಯಾಮೆರಾ ತೊಡೆ ಮೇಲೆ ಇಟ್ಟ. ನಲವತ್ತು ನಿಮಿಷ ಹಾಗೇ. ಡ್ರೈವರ್ ಪಿಸುಮಾತಿನಲ್ಲಿ ನೊಣದ ಕಥೆ ಹೇಳಿದರು: 1962ರಲ್ಲಿ ಕಚ್ಚುವ ನೊಣಗಳು ವಿಪರೀತ ಆಗಿ, ಇಡೀ ಕುಳಿಯಲ್ಲಿ ಉಳಿದ ಸಿಂಹ ಹತ್ತೇ ಅಂತೆ. ಇವತ್ತಿನವು ಬಹುಪಾಲು ಅವುಗಳ ಮತ್ತು ಹೊರಗಿಂದ ಬಂದ ಕೆಲವು ಗಂಡುಗಳ ಸಂತಾನ. ಆಮೇಲೆ ಇವನು ಆ ಕಿವಿಯನ್ನೇ ನೋಡ್ತಾ ಕೂತಿದ್ದ. "ಮುಂದೆ ಹೋಗೋಣ" ಅಂತ ಒಮ್ಮೆಯೂ ಅನ್ನಲಿಲ್ಲ. ಅಂದಿದ್ದರೂ ಹೋಗೋಕೆ ಆಗ್ತಿರಲಿಲ್ಲ, ಅದು ಬೇರೆ ಮಾತು.

ನನ್ನ ಸಲಹೆ ಇಷ್ಟೇ. ಬೆಳಿಗ್ಗೆ ಗಾಡಿ ಹತ್ತುವ ಮುಂಚೆ ಡ್ರೈವರ್ ಎದುರಿಗೇ ಮಾತಾಡಿಕೊಳ್ಳಿ: ಮಧ್ಯಾಹ್ನದವರೆಗೆ ಅವನ ಪಟ್ಟಿ, ಆಮೇಲೆ ನಿಮ್ಮ ಕೂರೋದು. ನಾವು ಮೊದಲೇ ಹೇಳಿರಲಿಲ್ಲ. ನಮ್ಮ ಡ್ರೈವರ್ ಪಾಪ ಯಾರ ಮಾತು ಕೇಳಬೇಕು ಅಂತ ತಿಳಿಯದೆ ಕನ್ನಡಿಯಲ್ಲಿ ಇಬ್ಬರ ಮುಖ ನೋಡ್ತಿದ್ದರು.

ಹಳೇ ದುರ್ಬೀನು:
ಪಟ್ಟಿ ಮಾಡುವವರ ಪರವಾಗಿ ಒಂದು ಮಾತು. ಅಷ್ಟು ದೂರ ಹೋಗಿ ಘೇಂಡಾಮೃಗ ನೋಡಬೇಕು ಅನ್ನೋದು ತಪ್ಪಾ? ಸುಮಾರು 260 ಚದರ ಕಿಲೋಮೀಟರಿನ ತಟ್ಟೆ ಅದು, ಸುತ್ತ 600 ಮೀಟರ್ ಗೋಡೆ. ಹುಡುಕದೆ ಹೇಗೆ ಸಿಗುತ್ತೆ? ನಾಲ್ಕು ಸ್ವಾಹಿಲಿ ಪದ ಕಲಿತು ಹೋಗಿ, ಡ್ರೈವರುಗಳು ರೇಡಿಯೊದಲ್ಲಿ ಮಾತಾಡುವಾಗ ಕಿವಿ ನಿಮಿರುತ್ತೆ. ಸಿಂಬ ಸಿಂಹ, ಕಿಫಾರು ಘೇಂಡಾಮೃಗ, ಟೆಂಬೊ ಆನೆ, ಫಿಸಿ ಕತ್ತೆಕಿರುಬ. ಆನೆ ಬೇಕಾದರೆ ಕುಳಿಯೊಳಗಿನ ಲೆರಾಯ್ ಕಾಡಿನ ಕಡೆ ಕೇಳಿ. ಕೆಳಗೆ ಸಿಗುವುದು ಹೆಚ್ಚಾಗಿ ದೊಡ್ಡ ದಂತದ ವಯಸ್ಸಾದ ಗಂಡುಗಳು. ಮರಿ ಇರುವ ಹಿಂಡು ಅಪರೂಪ.

ಒಂದೇ ಬೇಜಾರಿನ ಸುದ್ದಿ: ಕುಳಿಯೊಳಗೆ ಜಿರಾಫೆ ಇಲ್ಲ. ಆ ಇಳಿಜಾರು ಅದರ ಕಾಲಿಗೆ ಒಗ್ಗಲ್ಲ, ತಿನ್ನೋಕೆ ಬೇಕಾದ ಮರಗಳೂ ಅಲ್ಲಿ ಕಡಿಮೆ ಅಂತಾರೆ. ನಿಮ್ಮ ಸ್ನೇಹಿತನಿಗೆ ಮೊದಲೇ ಹೇಳಿಬಿಡಿ.

ಮಂಜುಗಣ್ಣಿ:
ಊಟದ ಜಾಗದ ಬಗ್ಗೆ ಯಾರೂ ಹೇಳಲೇ ಇಲ್ವಲ್ಲ! ಎನ್‌ಗೊಯ್ಟೊಕ್‌ಟೊಕ್ ಅಂತ ಒಂದು ಕೊಳ ಇದೆ, ನೀರಾನೆಗಳಿರುತ್ತವೆ. ಗಾಡಿಯಿಂದ ಇಳಿಯೋಕೆ ಬಿಡುವುದು ಅಂಥ ಕೆಲವೇ ಕಡೆ. ಶೌಚಾಲಯವೂ ಅಲ್ಲೇ, ಅದಕ್ಕೇ ನೀರು ಲೆಕ್ಕ ಹಾಕಿ ಕುಡಿಯಿರಿ. ಊಟ ಮಾತ್ರ ಗಾಡಿಯೊಳಗೇ ಮಾಡಿ. ನನ್ನ ಗೆಳತಿ ಹುಲ್ಲಿನ ಮೇಲೆ ನಿಂತು ಕೋಳಿ ಕಾಲು ಬಾಯಿಗಿಡೋ ಹೊತ್ತಿಗೆ ಹಿಂದಿನಿಂದ ಹದ್ದು ಬಂತು. ಸದ್ದೇ ಇಲ್ಲ. ಕೆನ್ನೆಗೆ ರೆಕ್ಕೆ ತಾಗಿದ್ದಷ್ಟೇ ಗೊತ್ತು, ಕೈಯಲ್ಲಿ ಟಿಶ್ಯೂ ಪೇಪರ್ ಮಾತ್ರ ಉಳಿದಿತ್ತು. ಬೆರಳಿನಲ್ಲಿ ಒಂದು ಗೀರು. ಇಡೀ ದಿನದಲ್ಲಿ ಅವಳು ಇವತ್ತಿಗೂ ಹೇಳೋದು ಅದೊಂದೇ ಕಥೆ.

ಪ್ಲಾಸ್ಟಿಕ್ ಕೈಚೀಲ ಒಯ್ಯಬೇಡಿ, 2019ರಿಂದ ಆ ದೇಶದಲ್ಲಿ ನಿಷೇಧ.

ನಿಧಾನಸ್ಥ:
ಎಲ್ಲರಿಗೂ ಥ್ಯಾಂಕ್ಸ್. ಕರಾಟುನಲ್ಲಿ ಉಳಿಯೋಣ ಅಂದೆ, ಒಪ್ಪಿದ. ಮಧ್ಯಾಹ್ನದವರೆಗೆ ಪಟ್ಟಿ, ಆಮೇಲೆ ನನ್ನದು ಅಂದಿದ್ದಕ್ಕೆ "ಮಧ್ಯಾಹ್ನ ಅಂದರೆ ಎಷ್ಟು ಗಂಟೆ?" ಅಂತ ಕೇಳ್ತಿದ್ದಾನೆ. ಅವನು ಎರಡು ಅಂತಾನೆ, ನಾನು ಹನ್ನೆರಡು. ಜಿರಾಫೆ ವಿಷಯ ಇನ್ನೂ ಹೇಳಿಲ್ಲ.